ಬ್ಯಾಟಿಗೆ ಕುಂಕುಮ, ಕಾಲುಚೀಲಕ್ಕೆ ಚಹಾ

ಎಡವಟ್ಟುಗಳು ಎಲ್ಲರ ಮನೆಗೂ ಬರುತ್ತವೆ. ಬೇರೆಯವರ ಮನೆಯಲ್ಲಿ ಚಹಾ ಕುಡಿದು ಎದ್ದು ಹೋಗುತ್ತವೆ, ನಮ್ಮ ಮನೆಯಲ್ಲಿ ಮಾತ್ರ ಬೇಸ್‌ಮೆಂಟು ಬಾಡಿಗೆಗೆ ಹಿಡಿದು ಕೂತಿವೆ. ನಾನು ಹುಬ್ಬಳ್ಳಿಯವನು. ಈಗ ಸಮುದ್ರದಾಚೆ, ಯೂನಿಯನ್‌ವಿಲ್ ಹತ್ತಿರದ ಒಂದು ಕಾಲೇಜಿನಲ್ಲಿ ಆಟದ ಸಾಮಾನಿನ ಕೋಣೆ ನೋಡಿಕೊಳ್ಳುತ್ತೇನೆ. ಬ್ಯಾಟು, ಚೆಂಡು ಕಾಯುವುದು, ಆಟಗಾರರ ಬಟ್ಟೆ ಒಗೆದು ಕೊಡುವುದು ನನ್ನ ಕೆಲಸ. ಇಂಥ ನಿರುಪದ್ರವಿ ಕೆಲಸದಲ್ಲೂ ಒಂದೇ ಸೀಸನ್ನಿನಲ್ಲಿ ಇಷ್ಟೆಲ್ಲ ಆಗಬಹುದು ಅಂತ ನನಗೂ ಗೊತ್ತಿರಲಿಲ್ಲ.

೧. ಪಾರ್ಕಿಂಗ್ ಎಂಬ ಗುಮ್ಮ

ಆಗಸ್ಟ್ ಕೊನೆಯಲ್ಲಿ ನಮ್ಮ ಕ್ರೀಡಾ ವಿಭಾಗದ ಮುಖ್ಯಸ್ಥೆ ಬೇಸ್‌ಬಾಲ್ ಕೋಚನ್ನೂ ನನ್ನನ್ನೂ ಕರೆದರು. "ಎಂಟು ಕಾಲೇಜುಗಳಲ್ಲಿ ಮೊದಲ ನಾಲ್ಕಕ್ಕೆ ಕೊನೆಯ ಟೂರ್ನಮೆಂಟಿಗೆ ಪ್ರವೇಶ. ನಾವು ಆರು ವರ್ಷದಿಂದ ಅದರ ಮುಖ ನೋಡಿಲ್ಲ. ಈ ಸಲವೂ ಹೋಗದಿದ್ದರೆ ತಂಡ ಬಂದ್" ಅಂದರು.

ಕೋಚು ಇಪ್ಪತ್ತು ವರ್ಷದಿಂದ ಅದೇ ಮೈದಾನದಲ್ಲಿ ಸೂರ್ಯಕಾಂತಿ ಬೀಜ ಜಗಿಯುತ್ತ ನಿಂತ ಮನುಷ್ಯ. ಅವನ ದವಡೆ ಅಲ್ಲೇ ನಿಂತಿತು. ನಾನು ಮೆಲ್ಲಗೆ, "ನನ್ನ ಗತಿ ಏನು ಮೇಡಂ?" ಎಂದೆ.

"ನೀವು ಚಿಂತೆ ಮಾಡಬೇಡಿ. ಪಾರ್ಕಿಂಗ್ ವಿಭಾಗದಲ್ಲಿ ಜಾಗ ಖಾಲಿ ಇದೆ."

ಪಾರ್ಕಿಂಗ್ ಅಂದರೆ ಜನವರಿಯ ಹಿಮದಲ್ಲಿ ಮೂಗು ಒರೆಸಿಕೊಳ್ಳುತ್ತ ಕಾರುಗಳಿಗೆ ದಂಡದ ಚೀಟಿ ಅಂಟಿಸುವುದು. ಅದರಲ್ಲೂ ಅರ್ಧ ಕಾರುಗಳು ನಮ್ಮ ಕರ್ನಾಟಕದ ವಿದ್ಯಾರ್ಥಿಗಳವು. ಯುಗಾದಿಗೆ ಕನ್ನಡ ಬಳಗದಲ್ಲಿ ನನ್ನ ಪಕ್ಕದಲ್ಲೇ ಊಟಕ್ಕೆ ಕೂರುವ ಮಕ್ಕಳು. ಅವರ ಗಾಜಿಗೆ ಚೀಟಿ ಅಂಟಿಸಿ ಆಮೇಲೆ ಹೋಳಿಗೆ ಬಡಿಸಿಕೊಳ್ಳುವುದು ಹೇಗೆ? ಅಲ್ಲಿಯವರೆಗೆ ನನಗೆ ಬೇಸ್‌ಬಾಲ್ ಅಂದರೆ ಪೈಜಾಮ ಹಾಕಿಕೊಂಡು ಆಡುವ ಲಗೋರಿ. ಅವತ್ತು ಮನೆಗೆ ಹೋಗಲು ಕಾರು ಹತ್ತುವಷ್ಟರಲ್ಲಿ ನಾನು ಅದರ ಪರಮ ಭಕ್ತನಾಗಿಬಿಟ್ಟಿದ್ದೆ.

೨. ಕಳೆದ ಚೆಂಡು

ಭಕ್ತಿ ತೋರಿಸುವ ಅವಕಾಶ ಮೊದಲ ಪಂದ್ಯದಲ್ಲೇ ಸಿಕ್ಕಿತು. ಎದುರಾಳಿಯೊಬ್ಬ ಹೊಡೆದ ಚೆಂಡು ಬೇಲಿ ದಾಟಿ ಹಿಂದಿನ ತೊರೆಗೆ ಹೋಗಿ ಬಿತ್ತು. ನಾನು ಹುಬ್ಬಳ್ಳಿ ಓಣಿಯಲ್ಲಿ ಕ್ರಿಕೆಟ್ ಆಡಿ ಬೆಳೆದವನು. ಅಲ್ಲಿ ಚೆಂಡು ಕಳೆದರೆ ಆಟವೇ ಮುಗಿಯಿತು. ಹಿಂದೆ ಮುಂದೆ ನೋಡದೆ ಬೇಲಿ ಹಾರಿದೆ.

ಮೊಣಕಾಲುದ್ದ ನೀರಿನಲ್ಲಿ ಪೊದೆ ಪೊದೆ ಜಾಲಾಡಿದೆ. ನನ್ನ ಅದೃಷ್ಟಕ್ಕೆ ಒಂದರ ಬದಲು ನಾಲ್ಕು ಚೆಂಡು ಸಿಕ್ಕವು. ಮುಕ್ಕಾಲು ಗಂಟೆಯ ಮೇಲೆ ಕೆಸರು ಸುರಿಸುತ್ತ ಬಂದು ಕೋಚಿಗೆ ಹೆಮ್ಮೆಯಿಂದ ತೋರಿಸಿದೆ. ಅವನು ಕಾಲ ಬಳಿಯ ಬಕೀಟು ತೋರಿಸಿದ. ಅದರ ತುಂಬ ಹೊಸ ಚೆಂಡುಗಳಿದ್ದವು. "ಒಂದು ಹೋದರೆ ಇನ್ನೊಂದು ತೆಗೆದುಕೊಳ್ಳುತ್ತೇವೆ. ನೀನು ಎಲ್ಲಿಗೆ ಹೋಗಿದ್ದೆ?"

ಆ ಉಳಿದ ಮೂರರ ವಿಚಾರ ಆಮೇಲೆ ತಿಳಿಯಿತು. ನಾನು ತೊರೆಯಲ್ಲಿ ಬಗ್ಗಿದ್ದಾಗ ಅವು ಒಂದೊಂದಾಗಿ ಮೇಲಿಂದ ಬಂದು ಬಿದ್ದಿದ್ದವು. ಯಾರೋ ಪುಣ್ಯಾತ್ಮರು ಹುಡುಕಲು ಸಹಾಯ ಮಾಡುತ್ತಿದ್ದಾರೆ ಅಂದುಕೊಂಡು ನಾನು ಕೂಗಿ ಥ್ಯಾಂಕ್ಸ್ ಬೇರೆ ಹೇಳಿದ್ದೆ. ಅವು ಅದೇ ಎದುರಾಳಿಗಳು ಬೇಲಿ ದಾಟಿಸಿದ ಹೋಮ್ ರನ್ನುಗಳು.

೩. ಹನ್ನೊಂದು ಮಾರ್ಕ್ಸು

ಮೊದಲ ಐದು ಪಂದ್ಯ ಸಾಲಾಗಿ ಸೋತೆವು. ನನ್ನ ಮಗಳು ಯೂನಿವರ್ಸಿಟಿಯಲ್ಲಿ ಸಂಖ್ಯಾಶಾಸ್ತ್ರ ಓದುತ್ತಾಳೆ. ಊಟದ ಹೊತ್ತಿಗೆ ಲ್ಯಾಪ್‌ಟಾಪ್ ತೆರೆದು ಲೆಕ್ಕ ಹಾಕಿ, "ಟೂರ್ನಮೆಂಟ್ ಚಾನ್ಸ್ ಇಲೆವೆನ್ ಪರ್ಸೆಂಟ್, ಅಪ್ಪಾ" ಅಂದಳು.

ನನ್ನ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ನೂರಕ್ಕ ಹನ್ನೊಂದಾ? ಪಾಸಾಗಾಕ ಮೂವತ್ತೈದರೆ ಬೇಕಲ್ಲ?"

"ಅಮ್ಮಾ, ಇಟ್ಸ್ ನಾಟ್ ಅ ಟೆಸ್ಟ್."

"ಯಾವುದರೆ ಇರಲಿ. ಇಪ್ಪತ್ನಾಲ್ಕು ಗ್ರೇಸ್ ಮಾರ್ಕ್ಸ್ ಯಾರ ಕೊಡ್ತಾರ? ನಿಮ್ಮಪ್ಪಗ ಈಗ ಒಂದು ಚಲೋ ಜಾಕೀಟ್ ನೋಡು, ಪಾರ್ಕಿಂಗ್ ಕೆಲಸಕ್ಕ ಬೇಕಾಗ್ತದ."

೪. ಅದೃಷ್ಟದ ಕಾಲುಚೀಲ

ಆರನೆಯ ಪಂದ್ಯ ಹೇಗೋ ಗೆದ್ದೆವು. ನಮ್ಮ ಕ್ಯಾಚರ್, ಅಂದರೆ ಈ ಆಟದ ವಿಕೆಟ್ ಕೀಪರ್, ಬ್ರಾಂಪ್ಟನ್ನಿನ ಒಬ್ಬ ದಷ್ಟಪುಷ್ಟ ಪಂಜಾಬಿ ಹುಡುಗ. ಅವನು ಕಾಲುಚೀಲ ಕಳಚಿ ನನ್ನ ಕೈಗಿಟ್ಟು ಹೇಳಿದ: "ಅಂಕಲ್‌ಜೀ, ಸೋಲೋತನಕ ಇವನ್ನ ಒಗೀಬೇಡಿ. ಒಗೆದರೆ ಲಕ್ ಹೋಗುತ್ತೆ."

ಬೇಸ್‌ಬಾಲಿನಲ್ಲಿ ಇದು ವಾಡಿಕೆಯಂತೆ. ಇಡೀ ತಂಡ ಅವನಂತೆಯೇ ಕಾಲುಚೀಲ ಕಳಚಿ ಒಂದು ಚೀಲಕ್ಕೆ ತುಂಬಿ ನನಗೆ ಕೊಟ್ಟಿತು. ಎರಡನೆಯ ಗೆಲುವಿಗೆ ಕೋಣೆಯ ನೊಣಗಳು ಹೊರಟುಹೋದವು. ನಾಲ್ಕನೆಯ ಗೆಲುವಿಗೆ ಮುಖ್ಯಸ್ಥೆ ಬಂದು, "ಆ ಚೀಲ ಈ ಕಟ್ಟಡದಲ್ಲಿ ಇರಕೂಡದು" ಎಂದು ಅಪ್ಪಣೆ ಮಾಡಿದರು. ವಿಧಿಯಿಲ್ಲದೆ ನನ್ನ ಕಾರಿನ ಡಿಕ್ಕಿಯಲ್ಲಿಟ್ಟೆ.

ಮರುದಿನ ಬೆಳಿಗ್ಗೆ ಆ ಕಾರನ್ನು ಹೆಂಡತಿ ತೆಗೆದುಕೊಂಡು ಹೋದಳು. ಅವಳ ಕೆಲಸ ಬೋಲ್ಟನ್ನಿನ ಗೋದಾಮಿನಲ್ಲಿ. ದಾರಿಯಲ್ಲಿ ಇಬ್ಬರು ಗೆಳತಿಯರನ್ನು ಹತ್ತಿಸಿಕೊಳ್ಳುತ್ತಾಳೆ. ಬೋಲ್ಟನ್ ಮುಟ್ಟುವವರೆಗೆ ಮೂವರೂ ಕಿಟಕಿ ಇಳಿಸಿಕೊಂಡು ಒಬ್ಬರನ್ನೊಬ್ಬರು ಸಂಶಯದಿಂದ ನೋಡುತ್ತ ಕೂತಿದ್ದರಂತೆ. ಸಂಜೆ ಮನೆಗೆ ಬಂದವಳೇ ಡಿಕ್ಕಿ ತೆರೆದು, ಸಿಕ್ಕ ಸಾಬೂನನ್ನೆಲ್ಲ ಸುರಿದು, ಅಷ್ಟೂ ಕಾಲುಚೀಲಗಳನ್ನು ಮೂರು ಸಲ ಒಗೆದಳು. ನಾನು ನೋಡುವಾಗ ಅವು ಹಿತ್ತಿಲಲ್ಲಿ ಸಾಲಾಗಿ, ಹಾಲಿನಂತೆ ಬೆಳ್ಳಗೆ ನೇತಾಡುತ್ತಿದ್ದವು.

ನಾನು ಹಗ್ಗದತ್ತ ಓಡಿದೆ. "ಏನ್ ಮಾಡಿದಿ ನೀ! ನಾಳೆ ಮ್ಯಾಚ್ ಐತಿ!"

"ಒಗದೀನಿ. ಕೊಲೆ ಮಾಡಿಲ್ಲ."

ಮಧ್ಯಾಹ್ನದ ಏಲಕ್ಕಿ ಚಹಾ ಪಾತ್ರೆಯಲ್ಲಿ ಉಳಿದಿತ್ತು. ನೀರು ಬೆರೆಸಿ ಕಾಲುಚೀಲಗಳನ್ನು ಅದರಲ್ಲಿ ಅದ್ದಿದೆವು. ಆಮೇಲೆ ಟೊಮೆಟೊ ಪಾತಿಯ ಮಣ್ಣಿನಲ್ಲಿ ಹೊರಳಾಡಿಸಿದೆವು. ಒಗೆದ ಬಟ್ಟೆ ಹೊಲಸು ಮಾಡುವುದು ತನ್ನ ಜನ್ಮದಲ್ಲಿ ಇದೇ ಮೊದಲು ಎಂದು ಹೆಂಡತಿ ಗೊಣಗಿದಳು.

ಮರುದಿನ ಕ್ಯಾಚರ್ ಕಾಲುಚೀಲವನ್ನು ಮೂಗಿಗೆ ಹಿಡಿದು ಹುಬ್ಬು ಗಂಟಿಕ್ಕಿದ. "ಅಂಕಲ್‌ಜೀ, ಇಲಾಯಚಿ ವಾಸನೆ ಬರ್ತಿದೆ?"

"ನಿನ್ನದೇ ಬೆವರು, ಬೇಟಾ. ಹಳೇದಾದ ಮೇಲೆ ಹಾಗಾಗುತ್ತೆ" ಎಂದೆ.

ಅವತ್ತೂ ಗೆದ್ದೆವು. ಪಂದ್ಯ ಮುಗಿದ ಮೇಲೆ ಅವನು ನನ್ನನ್ನು ಮೂಲೆಗೆ ಕರೆದು, ಮುಂದಿನ ವಾರ ಸ್ವಲ್ಪ ಶುಂಠಿಯನ್ನೂ ಹಾಕಿಸಲು ಹೇಳಿದ.

೫. ಹುಬ್ಬಳ್ಳಿ ಟೈಮು

ಸೋಲುತ್ತ ಗೆಲ್ಲುತ್ತ ಕೊನೆಯ ಪಂದ್ಯಕ್ಕೆ ಬಂದು ನಿಂತೆವು. ಗೆದ್ದರೆ ನಾಲ್ಕನೆಯ ಸ್ಥಾನ, ಟೂರ್ನಮೆಂಟು. ಸೋತರೆ ತಂಡ ಬಂದ್, ನಾನು ಪಾರ್ಕಿಂಗ್. ಮಗಳು "ಫಿಫ್ಟಿ ಪರ್ಸೆಂಟ್" ಅಂದಳು. ಹೆಂಡತಿ "ಸೆಕೆಂಡ್ ಕ್ಲಾಸ್, ಪರವಾಗಿಲ್ಲ" ಅಂದಳು.

ಕ್ಯಾಲೆಂಡರ್ ನೋಡಿದರೆ ಅವತ್ತೇ ಖಂಡೆ ಪೂಜೆ, ಅಂದರೆ ಆಯುಧ ಪೂಜೆ. ನಮ್ಮ ಕಡೆ ಲೇತ್ ಮಷಿನ್ನಿಗೂ ಬಸ್ಸಿಗೂ ಪೂಜೆ ಆಗುವ ದಿನ, ನನ್ನ ಕೋಣೆಯ ಬ್ಯಾಟುಗಳೇನು ಪಾಪ ಮಾಡಿವೆ? ಜೆರಾರ್ಡ್ ಇಂಡಿಯಾ ಬಜಾರಿಗೆ ಹೋಗಿ ಕುಂಕುಮ, ಚೆಂಡು ಹೂವು, ಲಿಂಬೆಹಣ್ಣು ತಂದೆ. ಗಾಳಿಗೆ ಹಾರಬಾರದೆಂದು ಹೆಂಡತಿ ಕುಂಕುಮಕ್ಕೆ ಒಂದಿಷ್ಟು ಎಣ್ಣೆ ಕಲಸಿ ಕೊಟ್ಟಳು. ಜೊತೆಗೆ ಎಚ್ಚರಿಕೆಯನ್ನೂ ಕೊಟ್ಟಳು: "ಪೂಜಾಕ್ಕ ಇಟ್ಟ ಸಾಮಾನು ಇವತ್ತ ಮುಟ್ಟಬಾರದು. ನಾಳೆ ದಸರಾ ದಿನ ತಗೀಬೇಕು."

"ಆಟ ಇವತ್ತ ಮೂರು ಗಂಟೆಗೆ ಐತಲ್ಲ!"

"ಅದಕ್ಕ ನಾ ಏನ್ ಮಾಡ್ಲಿ?"

ನಾನು ಬೆರಳೆಣಿಸಿದೆ. ಇಲ್ಲಿ ಮಧ್ಯಾಹ್ನ ಮೂರು ಅಂದರೆ ಹುಬ್ಬಳ್ಳಿಯಲ್ಲಿ ರಾತ್ರಿ ಹನ್ನೆರಡೂವರೆ. "ನೋಡು, ಆಗ ಊರಾಗ ದಸರಾ ಬಂದಿರತೈತಿ. ನಾವು ಹುಬ್ಬಳ್ಳಿ ಟೈಮ್ ಹಿಡಿಯೋಣು."

"ಊಟಾ ಇಲ್ಲಿ ಟೈಮಿಗೆ, ದೇವರು ಮಾತ್ರ ಹುಬ್ಬಳ್ಳಿ ಟೈಮಿಗೇನು?" ಅಂದಳು. ನಾನು ಕೇಳಿಸದವನಂತೆ ಅವಳನ್ನೂ ಕರೆದುಕೊಂಡು ಹೋಗಿ, ನನ್ನ ಕೋಣೆಯಲ್ಲಿ ಬ್ಯಾಟುಗಳಿಗೆ ಕುಂಕುಮ ಹಚ್ಚಿ ಮಂಗಳಾರತಿ ಮಾಡಿದೆ. ಎರಡೂವರೆಗೆ ಐದು ನಿಮಿಷ ಇರುವಾಗ ಹುಡುಗರು ಬ್ಯಾಟು ಕೇಳಿದರು. ಬಾಗಿಲಿಗೆ ಅಡ್ಡ ನಿಂತು, ಹುಬ್ಬಳ್ಳಿಯಲ್ಲಿ ಹನ್ನೆರಡು ಹೊಡೆಯುವವರೆಗೆ ಐದು ನಿಮಿಷ ಕಾಯಿಸಿಯೇ ಕೊಟ್ಟೆ.

೬. ಬಿಳಿ ಚೆಂಡು

ನಮ್ಮವರು ಹೊಡೆದ ಮೊದಲ ಚೆಂಡೇ ಕೆಂಪಾಯಿತು. ಎರಡನೆಯದೂ ಕೆಂಪಾಯಿತು. ಚೆಂಡು ಹಿಡಿದ ಎದುರಾಳಿ ಹುಡುಗ ಅಂಗೈ ನೋಡಿಕೊಂಡು, ಗಾಯವಾಯಿತೆಂದು ಕಿರುಚಿದ. ಅವರ ಕೋಚು ಅಂಪೈರ್ ಹತ್ತಿರ ಓಡಿದ. ಬ್ಯಾಟಿಗೆ ಏನೋ ಮೆತ್ತಿದ್ದಾರೆ ಎಂದು ದೂರು.

ಅಂಪೈರ್ ವಯಸ್ಸಾದ ಗಂಭೀರ ಮನುಷ್ಯ. ಬ್ಯಾಟನ್ನು ಮೂಸಿ ನೋಡಿ, "ಏನಿದು?" ಎಂದ. ನಮ್ಮ ಕೋಚು ನನ್ನ ಕಡೆ ಬೆರಳು ತೋರಿಸಿದ. ಇವತ್ತು ನಾವು ಉಪಕರಣಗಳಿಗೆ ಕೈ ಮುಗಿಯುವ ದಿನ, ನಮ್ಮೂರಲ್ಲಿ ಇದು ಬಸ್ಸಿಗೂ ಉಂಟು ಎಂದು ವಿವರಿಸಿದೆ.

"ಬಸ್ಸಿನಲ್ಲಿ ಬೇಸ್‌ಬಾಲ್ ಆಡುವುದಿಲ್ಲ. ಒರೆಸು" ಅಂದ.

ಒದ್ದೆ ಟವೆಲಿನಿಂದ ತಿಕ್ಕಿದೆ. ಎಣ್ಣೆ ಕಲಸಿದ ಕುಂಕುಮ ಹೋಗುತ್ತದೆಯೇ? ತಲೆಯಲ್ಲಿದ್ದ ಬೊಟ್ಟು ಹಿಡಿಯವರೆಗೂ ಹರಡಿ ಹನ್ನೊಂದು ಬ್ಯಾಟುಗಳೂ ಅಡಿಯಿಂದ ಮುಡಿಯವರೆಗೆ ಕೆಂಪಾದವು. ಅಂಪೈರ್ ನಿಟ್ಟುಸಿರು ಬಿಟ್ಟು, ಬ್ಯಾಟಿಗೆ ತಾಗಿದ ಪ್ರತಿ ಚೆಂಡನ್ನೂ ಬದಲಾಯಿಸುತ್ತ ಆಟ ನಡೆಸಿದ. ಬಕೀಟು ಬರಿದಾಗುತ್ತ ಬಂತು. ಕೋಚು ನನ್ನ ಕಡೆ ನೋಡಲೂ ಇಲ್ಲ. ನನಗೆ ನಾಚಿಕೆಯೂ ಭಯವೂ ಒಟ್ಟಿಗೇ ಆದವು. ತಂಡ ಉಳಿಸಲು ಹೋಗಿ ನಾನೇ ಮುಳುಗಿಸುತ್ತಿದ್ದೇನೆ ಅನ್ನಿಸಿತು.

ಕೊನೆಯ ಸರದಿ. ರನ್ನುಗಳು ಸಮ ಸಮ. ಮೂರು ಬೇಸಿನಲ್ಲೂ, ಅಂದರೆ ಓಟದ ದಾರಿಯ ಮೂರು ಮನೆಗಳಲ್ಲೂ, ನಮ್ಮ ಹುಡುಗರು ನಿಂತಿದ್ದಾರೆ, ಬ್ಯಾಟು ಹಿಡಿದವನು ನಮ್ಮ ಕ್ಯಾಚರ್. ಬೀಸಿದ ರಭಸಕ್ಕೆ ಅವನ ಬ್ಯಾಟು ಮುರಿಯಿತು. ಅವನಿಗೆ ಭಾರದ ಬ್ಯಾಟೇ ಆಗಬೇಕು. ಅಂಥದ್ದು ಇನ್ನೊಂದೇ ಇತ್ತು. ಮೂರು ವರ್ಷದಿಂದ ನನ್ನ ಕೋಣೆಯ ಬಾಗಿಲು ಮುಚ್ಚದಂತೆ ಆನಿಸಿಟ್ಟ, ಹಳೇ ಕೆಂಗಂದು ಬಣ್ಣದ ಬ್ಯಾಟು. ಪೂಜೆಗೆ ಇಡಲು ಅದು ನನಗೆ ನೆನಪೇ ಆಗಿರಲಿಲ್ಲ. ಓಡಿಹೋಗಿ ತಂದುಕೊಟ್ಟೆ.

ಮುಂದಿನ ಎಸೆತ ನೇರ ಅವನ ಕೈಗಳ ಮೇಲೆ ಬಂತು. ಟಕ್ ಎಂದು ಸದ್ದಾಯಿತು. ಚೆಂಡು ಪಕ್ಕಕ್ಕೆ ಉರುಳಿತು. ಕ್ಯಾಚರ್ ಎಡಗೈ ಹಿಡಿದುಕೊಂಡು, ಅವ್ವನನ್ನು ಕರೆಯುತ್ತ ನೆಲದ ಮೇಲೆ ಹೊರಳಾಡಿದ.

ಇಲ್ಲಿ ನಿಯಮ ಹೀಗಿದೆ. ಚೆಂಡು ಆಟಗಾರನ ಮೈಗೆ ಬಡಿದರೆ ಅವನಿಗೊಂದು ಬೇಸ್ ಪುಕ್ಕಟೆ. ಬೇಸುಗಳು ತುಂಬಿದ್ದರೆ ಎಲ್ಲರೂ ಒಂದೊಂದು ಮನೆ ಮುಂದೆ ಸರಿದು ಒಂದು ರನ್ನು ಬರುತ್ತದೆ. ಅಂದರೆ ನಮಗೆ ಗೆಲುವು. ಬ್ಯಾಟಿಗೆ ತಾಗಿ ಪಕ್ಕಕ್ಕೆ ಹೋಗಿದ್ದರೆ ಮಾತ್ರ ಏನೂ ಇಲ್ಲ. ಎದುರು ತಂಡ "ಬ್ಯಾಟು, ಬ್ಯಾಟು" ಎಂದು ಕೂಗಿತು. ನಮ್ಮವರು "ಕೈ, ಕೈ" ಎಂದು ಕೂಗಿದರು.

ಅಂಪೈರ್ ಎರಡೂ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದ. ಚೆಂಡನ್ನು ಎತ್ತಿಕೊಂಡು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಎದುರು ಕೋಚಿಗೆ ತೋರಿಸಿ ಹೇಳಿದ: "ಬೆಳಿಗ್ಗೆ ಹಾಕಿದ ಅಂಗಿಯಂತೆ ಬೆಳ್ಳಗಿದೆ. ಇವರ ಬ್ಯಾಟಿಗೆ ತಾಗಿದ ಒಂದಾದರೂ ಚೆಂಡು ಇವತ್ತು ಬೆಳ್ಳಗೆ ಉಳಿದಿದೆಯೇ? ಇದು ಕೈಗೇ ಬಡಿದದ್ದು."

ಮೂರನೇ ಬೇಸಿನ ಹುಡುಗ ಕುಣಿಯುತ್ತ ಕೊನೆಯ ಮನೆ ಮುಟ್ಟಿದ. ಕೋಚು ನನ್ನನ್ನು ಬಾಚಿ ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತ, ಸೂರ್ಯಕಾಂತಿ ಬೀಜಗಳು ನನ್ನ ಕುತ್ತಿಗೆಯೊಳಗೆ ಇಳಿದವು. ನನ್ನ ಕಣ್ಣೂ ತುಂಬಿತು. ನೋಡಲು ಕೆಂಪಗಿದ್ದರೂ ಆ ಬ್ಯಾಟಿಗೆ ಕುಂಕುಮವೇ ಇರಲಿಲ್ಲ ಎಂಬುದು ಆ ಮೈದಾನದಲ್ಲಿ ಗೊತ್ತಿದ್ದವನು ನಾನೊಬ್ಬನೇ. ಬಾಯಿ ಬಿಡುವ ಮನಸ್ಸು ಸ್ವಲ್ಪವೂ ಬರಲಿಲ್ಲ.

ನಾನೊಬ್ಬನೇ ಅಂದುಕೊಂಡದ್ದು ತಪ್ಪು. ಪ್ರೇಕ್ಷಕರ ಜೊತೆ ಕೂತಿದ್ದ ಹೆಂಡತಿ ಮೆಟ್ಟಿಲಿಳಿದು ಬಂದು ಕಿವಿಯ ಹತ್ತಿರ, "ಬಾಗಲಾ ಹಿಡಿಯೋ ಬ್ಯಾಟ್ ಅಲ್ಲೇನು ಅದು? ನಾ ಹೇಳಿರಲಿಲ್ಲ? ಪೂಜಾ ಮಾಡಿದ ಹನ್ನೊಂದೂ ಮುಟ್ಟಬಾರದಿತ್ತು. ಮುಟ್ಟಲಡ್ಡಿ ಇಲ್ಲದ್ದು ಅದೊಂದ, ಗೆಲ್ಲಿಸಿದ್ದೂ ಅದ" ಅಂದಳು.

ಅಷ್ಟರಲ್ಲಿ ಅಂಪೈರ್ ನಮ್ಮ ಕಡೆಗೇ ಬಂದ. "ಆ ಹುಡುಗನ ಕೈಗೆ ಐಸ್ ಕಟ್ಟಿದೆಯಾ? ಪೆಟ್ಟು ಜೋರಿರಬೇಕು" ಎಂದು ಕೇಳಿ ಅಲ್ಲೇ ನೋಡುತ್ತ ನಿಂತ. ನಾನು ಐಸ್ ಚೀಲ ಹಿಡಿದು ಓಡಿದೆ. ಕ್ಯಾಚರ್ ಬೆಂಚಿನ ಮೇಲೆ ಕೂತು ನರಳುತ್ತಿದ್ದ. ನನ್ನನ್ನು ಕಂಡವನೇ ಮುಖ ಹಿಂಡಿ, ಬಲಗೈಯನ್ನು ಮುಂದೆ ಚಾಚಿದ.

ನಾನು ಅದನ್ನು ಪಕ್ಕಕ್ಕೆ ಸರಿಸಿ ಐಸನ್ನು ಎಡಗೈಗೆ ಕಟ್ಟಿದೆ.