ವಿಜ್ಞಾನ ಹೇಳುವ ಮಾಮಾ

ನಮ್ಮ ಮಾಮಾನ ಪಕ್ಕದ ಸೀಟಿನಲ್ಲಿ ಕೂತು ಬಾಗಲಕೋಟೆಯಿಂದ ಇಳಕಲ್‌ವರೆಗೆ ಬಸ್ಸಿನಲ್ಲಿ ಬಂದವರಿಗೆಲ್ಲ ಒಂದೊಂದು ಬಿ.ಎಸ್ಸಿ. ಪದವಿ ಕೊಟ್ಟುಬಿಡಬಹುದು! ಕಂಡಕ್ಟರ್ ಟಿಕೆಟ್ ಹರಿದಾಗ ಕಾಗದ ಯಾಕೆ ಹರಿಯುತ್ತದೆ ಎಂದು ಶುರು ಮಾಡಿದವನು, ಹುನಗುಂದ ದಾಟುವ ಹೊತ್ತಿಗೆ ಸೂರ್ಯನ ಹೊಟ್ಟೆಯೊಳಗಿನ ಬೆಂಕಿಗೆ ಬಂದಿರುತ್ತಾನೆ. ಇಳಿಯಬೇಕಾದ ಊರಿನಲ್ಲಿ ಇಳಿಯದೆ ಮುಂದೆ ಹೋದವರೂ ಉಂಟು. ಹಿಂದಿನ ಊರಲ್ಲೇ ಇಳಿದು ಪಾರಾದವರೂ ಉಂಟು.

ಮಾಮಾ ಎಂದರೆ ನಮ್ಮವ್ವನ ತಮ್ಮ. ಭೌತಶಾಸ್ತ್ರದ ಎಂ.ಎಸ್ಸಿ. ಕಾಲೇಜಿನಲ್ಲಿ ಲೆಕ್ಚರರ್ ಆಗಿದ್ದವನು ಒಂದು ದಿನ ರಾಜೀನಾಮೆ ಕೊಟ್ಟು ಬಂದ. "ಅಲ್ಲಿ ಹುಡುಗರು ಮಾರ್ಕ್ಸಿಗೆ ಕೇಳ್ತಾರ. ನನಗ ಬೆರಗಿಗೆ ಕೇಳೋ ಮಂದಿ ಬೇಕು" ಎಂದ. ಅಂದಿನಿಂದ ಹೆಗಲಿಗೊಂದು ಚೀಲ, ಅದರಲ್ಲಿ ಮಸೂರ, ಅಯಸ್ಕಾಂತ, ಬಲೂನು. ಪತ್ರಿಕೆಗೆ ಲೇಖನ, ಊರೂರಿಗೆ ಉಪನ್ಯಾಸ. ಸಂಭಾವನೆ? ಶಾಲು! ಅವನ ಮನೆಯ ಕಿಟಕಿಗಳಿಗೆಲ್ಲ ಈಗ ಶಾಲಿನದೇ ಪರದೆ.

ಒಮ್ಮೆ ಬಾದಾಮಿ ಗುಹೆ ನೋಡಲು ಹೋದೆವು. ಮೆಟ್ಟಿಲ ನಡುವೆಯೇ ಮಾಮಾ ಕೆಂಪು ಕಲ್ಲಿಗೆ ಕೈಯಿಟ್ಟು ನಿಂತ. "ಇಲ್ಲಿ ನೀರು ಹರೀತಿತ್ರಿ! ಈ ಗೆರಿ ನೋಡ್ರಿ, ಅಲಿಯ ಗುರುತು!" ಪ್ರವಾಸಿಗರೆಲ್ಲ ಸುತ್ತ ನೆರೆದರು. ಅವರನ್ನು ಕರೆತಂದ ಗೈಡ್ ಮೇಲೆ ಒಬ್ಬನೇ ಉಳಿದ. ಕೊನೆಗೆ ಕೆಳಗಿಳಿದು ಬಂದು ಕೈಮುಗಿದ: "ಸರ, ನೀವು ಹಿಂಗ ನೀರು ಹರಿಸ್ಕೋತ ನಿಂತ್ರ ನಮ್ಮ ಮಂದಿ ಗುಹೆಗೆ ಯಾವಾಗ ಬರೂದ್ರಿ?"

ಮಾಮಾ ಹೇಳಿದ: "ಈ ಕಲ್ಲು ಕೋಟಿಗಟ್ಟಲೆ ವರ್ಷ ಕಾದೈತ್ರಿ. ನಿಮಗ ಹತ್ತು ಮಿನಿಟ ಕಾಯಾಕ ಆಗೂದಿಲ್ಲೇನು?"

ಗ್ರಹಣದ ಕತೆ ಇನ್ನೂ ಘೋರ. ಗ್ರಹಣದಲ್ಲಿ ಉಂಡರೆ ಏನೂ ಆಗುವುದಿಲ್ಲವೆಂದು ತೋರಿಸಲು ಹುನಗುಂದದ ಬಸ್ ನಿಲ್ದಾಣದಲ್ಲಿ ನಿಂತು, ಎಲ್ಲರೆದುರು ಆರು ಮಿರ್ಚಿ ಭಜಿ ತಿಂದ. ಸಂಜೆ ನೋಡಿದರೆ ದವಾಖಾನೆಯಲ್ಲಿ ಮಲಗಿದ್ದಾನೆ, ಕೈಗೆ ಸಲೈನು! ಊರಿಗೆ ಊರೇ "ನೋಡ್ರಿ, ಗ್ರಹಣ ಬಿಡಲಿಲ್ಲ" ಎಂದಿತು. ಆದದ್ದಿಷ್ಟೇ: ಗ್ರಹಣವೆಂದು ಅಂಗಡಿಗಳೆಲ್ಲ ಮುಚ್ಚುತ್ತವೆಂದು ಆಸಾಮಿ ಭಜಿಯನ್ನು ಹಿಂದಿನ ದಿನವೇ ಕೊಂಡಿಟ್ಟುಕೊಂಡಿದ್ದ! "ಗ್ರಹಣ ಅಲ್ರಿ ಸಿಸ್ಟರ್, ತಂಗಳ ಭಜಿ!" ಎಂದು ಮಲಗಿದಲ್ಲಿಂದಲೇ ನರ್ಸಿಗೆ ಸೂಕ್ಷ್ಮಜೀವಿಗಳ ಪಾಠ ಶುರು ಮಾಡಿದ್ದ.

ಗುಡೂರಿನ ಶಾಲೆಯೊಂದರಲ್ಲಿ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಸರ್, ನಿಮ್ಮಂಗ ಆಗಬೇಕಂದ್ರ ಏನ್ ಓದಬೇಕ್ರಿ?"

"ಮೂರು ಬೇಕವಾ. ವಿಜ್ಞಾನದ ಡಿಗ್ರಿ, ಗಟ್ಟಿ ಗಂಟಲು, ಮತ್ತ ಸರಕಾರಿ ನೌಕರಿ ಇರೋ ಹೆಂಡ್ತಿ!"

"ನನಗ ಹೆಂಡ್ತಿ ಎಲ್ಲಿಂದ ಬರಬೇಕ್ರಿ?" ಎಂದಳು ಹುಡುಗಿ. ಮರುದಿನ ಬೆಳಿಗ್ಗೆ ಡಬ್ಬಿ ಕಟ್ಟುತ್ತಿದ್ದ ಮಾಮಿಗೆ ಮಾಮಾ ಇದನ್ನು ಹೇಳಿದ. "ಆಕಿ ನಿಮಗಿಂತ ಶಾಣ್ಯಾ ಅದಾಳ" ಎಂದು ಮಾಮಿ ತಲೆಯೆತ್ತದೆ ಹೇಳಿ ಆಫೀಸಿಗೆ ಹೊರಟುಹೋದಳು.

ಹೋದ ವರ್ಷ ಅವ್ವನಿಗೆ ಬಿಡದ ತಲೆನೋವು. ಬಾಗಲಕೋಟೆಯಲ್ಲಿ ಎಂಆರ್‌ಐ ಮಾಡಿಸಬೇಕೆಂದರು ಡಾಕ್ಟರು. ಆ ಯಂತ್ರ ಕಂಡದ್ದೇ ಅವ್ವ ಹೊರಗೆ ಬಂದುಬಿಟ್ಟಳು. "ಆ ಗವ್ಯಾಗ ನಾ ಹೋಗೂದಿಲ್ಲ. ಒಳಗ ಏನೇನೋ ಒದರತೈತಿ."

ಮಾಮಾ ಅವಳ ಮುಂದೆ ನೆಲದ ಮೇಲೆ ಕೂತ. "ಅಕ್ಕಾ, ಇಲ್ಲಿ ಕೇಳ. ಮೊದಲ ಹಿಂಗ: ಟಕ್ ಟಕ್ ಟಕ್. ಆಮೇಲೆ ಡರ್ರ್ರ್! ಒಳಗಿನ ಸುರುಳಿ ನಡುಗೋ ಸಪ್ಪಳ ಅಷ್ಟ. ಮತ್ತ ಭೊಂಯ್ ಭೊಂಯ್..." ಕಾರಿಡಾರಿನಲ್ಲಿದ್ದ ರೋಗಿಗಳೆಲ್ಲ ನಕ್ಕರು. ಅವ್ವನೂ ನಕ್ಕು ಒಳಗೆ ಹೋದಳು.

ಬಾಗಿಲು ಮುಚ್ಚಿತು. ಪಕ್ಕದ ಹಿರಿಯರೊಬ್ಬರು ಕೇಳಿದರು: "ಈ ಮಷಿನ್ನು ಹೆಂಗ ನೋಡತೈತ್ರಿ ತಲಿಯೊಳಗ?" ಇಂಥ ಪ್ರಶ್ನೆಗಾಗಿಯೇ ಹುಟ್ಟಿದ ಮನುಷ್ಯ ಎದ್ದು ಹೋಗಿ ಆ ಮುಚ್ಚಿದ ಬಾಗಿಲಿಗೆ ಕಿವಿಗೊಟ್ಟು ನಿಂತ.

ರಿಪೋರ್ಟ್ ಬಂದಾಗ ಲಕೋಟೆಯನ್ನು ನನ್ನ ಕೈಗಿಟ್ಟ. "ನೀ ಓದು. ನನಗ ಅಕ್ಷರ ಕಾಣವಲ್ದು."

ಹೆದರುವಂಥದ್ದೇನೂ ಇಲ್ಲ, ಗುಳಿಗೆಯಲ್ಲೇ ಕಡಿಮೆಯಾಗುತ್ತದೆ ಎಂದರು ಡಾಕ್ಟರು. ಹೊರಗೆ ಬಂದ ಮಾಮಾ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಸಿದು ಕೂತು ಬಿಕ್ಕಿಬಿಕ್ಕಿ ಅತ್ತ. ಅವ್ವ ಪಕ್ಕದಲ್ಲಿ ಕೂತು ಸೆರಗಿನಿಂದ ಅವನ ಮುಖ ಒರೆಸಿದಳು. ಅವನನ್ನು ಹೇಗೆ ಸಮಾಧಾನ ಮಾಡಬೇಕೆಂಬುದು ಅವಳಿಗೊಬ್ಬಳಿಗೇ ಗೊತ್ತಿತ್ತೋ ಏನೋ, ಮೆಲ್ಲಗೆ ಕೇಳಿದಳು:

"ಕಣ್ಣೀರು ಉಪ್ಪುಪ್ಪು ಯಾಕ ಇರ್ತೈತಿ? ಹೇಳೋ ನಮ್ಮಪ್ಪಾ."

"ಗೊತ್ತಿಲ್ಲಕ್ಕಾ" ಎಂದು ಮಾಮಾ ಅವಳ ಹೆಗಲಿಗೆ ತಲೆಯಿಟ್ಟ.