ನಾಲ್ಕನೇ ಮಹಡಿಯ ಕೆಸುವು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನನ್ನ ಕೈಗುಣ ಒಳ್ಳೆಯದಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಕೊಟ್ಟು ಕಳಿಸಿದ ತುಳಸಿ ಅಹಮದಾಬಾದಿನ ಒಂದು ಬೇಸಿಗೆಯನ್ನೂ ಪೂರ್ತಿ ನೋಡಲಿಲ್ಲ. ಅತ್ತೆ ಫೋನಿನಲ್ಲಿ "ತುಳಸಿ ಹೇಗುಂಟು?" ಎಂದು ಕೇಳಿದಾಗಲೆಲ್ಲ, ನರ್ಸರಿಯಿಂದ ತಂದ ಮೂರನೆಯ ತುಳಸಿಯನ್ನು ನೋಡುತ್ತಾ "ಉಂಟು ಅತ್ತೆ, ಚೆಂದ ಉಂಟು" ಎನ್ನುತ್ತಿದ್ದೆ. ಇಂಥವಳಿಗೆ ರೈತಳಾಗುವ ಆಸೆ ಹುಟ್ಟಲೇಬಾರದಿತ್ತು. ಆದರೆ ಆಸೆ ಹುಟ್ಟುವುದಕ್ಕೆ ಕೈಗುಣ ಬೇಕಾಗಿಲ್ಲ, ಮಣ್ಣೂ ಬೇಕಾಗಿಲ್ಲ. ಬೋಡಕ್‌ದೇವ್‌ನ ನಾಲ್ಕನೇ ಮಹಡಿಯ ಬಾಡಿಗೆ ಫ್ಲ್ಯಾಟಿನಲ್ಲೂ ಅದು ಸೊಗಸಾಗಿ ಚಿಗುರುತ್ತದೆ.

ತಪ್ಪು ನನ್ನದಲ್ಲ, ಫೋನಿನದು. ಮಗಳು ಅನ್ವಿ ಹುಟ್ಟಿದ ಮೇಲೆ ಕೆಲಸ ಬಿಟ್ಟು ಮನೆಯಲ್ಲಿದ್ದೇನೆ. ಮಧ್ಯಾಹ್ನ ಅವಳು ಮಲಗಿದ ಒಂದು ಗಂಟೆ ನನ್ನದು. ಆ ಒಂದು ಗಂಟೆಯಲ್ಲಿ ಯಾವ್ಯಾವುದೋ ದೇಶದ ಹೆಂಗಸರು ಉದ್ದ ಲಂಗ ತೊಟ್ಟು, ಬೆತ್ತದ ಬುಟ್ಟಿ ಹಿಡಿದು ಹಿತ್ತಲಿಗೆ ಹೋಗುತ್ತಾರೆ. ಟೊಮೆಟೊ ಕೊಯ್ಯುತ್ತಾರೆ, ಗೂಡಿಗೆ ಕೈ ಹಾಕಿ ಬೆಚ್ಚಗಿನ ಮೊಟ್ಟೆ ತೆಗೆಯುತ್ತಾರೆ, ತಾವೇ ಕರೆದ ಹಾಲಿನಿಂದ ತಾವೇ ಬೆಣ್ಣೆ ತೆಗೆಯುತ್ತಾರೆ. ಅವರ ಮಕ್ಕಳ ಮೂಗು ಸುರಿಯುವುದಿಲ್ಲ. ನೋಡಿ ನೋಡಿ ನನಗೂ ತಲೆಗೆ ಹತ್ತಿತು. ಒಂದು ತೋಟದ ಮನೆ, ನಮ್ಮ ಅನ್ನ ನಾವೇ ಬೆಳೆದುಕೊಳ್ಳುವುದು, ಒಂದು ಹಸು, ನಾಲ್ಕು ಕೋಳಿ. ಕೋಳಿಯ ವಿಷಯವನ್ನು ಪಕ್ಕದ ಮನೆಯ ಮಂಜುಳಾ ಮಾಸಿಯ ಹತ್ತಿರ ಬಾಯಿ ತಪ್ಪಿ ಹೇಳಿಬಿಟ್ಟೆ. ಮೊಟ್ಟೆಯ ಹೆಸರನ್ನೂ ಪಿಸುಗುಟ್ಟಿ ಹೇಳಬೇಕಾದ ಸೊಸೈಟಿ ನಮ್ಮದು. ಮಾಸಿ ಮೂರು ದಿನ ನನ್ನನ್ನು ಕಂಡಾಗ ಬರೀ ತಲೆಯಾಡಿಸಿ ಒಳಗೆ ಹೋದರು. ನಾಲ್ಕನೆಯ ದಿನ "ಹಸು ಸಾಕು ಬೇಟಾ, ಹಸು ಸಾಕು" ಎಂದು ಢೋಕ್ಲಾ ತಂದುಕೊಟ್ಟರು.

ನನ್ನ ಹುಚ್ಚು ಹುಚ್ಚಾಗಿಯೇ ಉಳಿಯುತ್ತಿತ್ತೋ ಏನೋ. ಅಷ್ಟರಲ್ಲಿ ನಮ್ಮವರ ಸಹೋದ್ಯೋಗಿಯೊಬ್ಬರ ಕಾಕಾ ಸಾಣಂದ್ ಕಡೆಯ ತಮ್ಮ ಹೊಲದ ಮನೆಯನ್ನು ನೋಡಿಕೊಳ್ಳುವವರು ಬೇಕೆಂದು ಹುಡುಕುತ್ತಿದ್ದಾರೆಂದು ಸುದ್ದಿ ಬಂತು. ಕಾಕಾ ಮಗಳ ಮನೆಗೆ ಹೊರಟಿದ್ದರು. ಎರಡು ಕೋಣೆ, ಬಾವಿ, ಬೇವಿನ ಮರ. ಒಂದು ವರ್ಷ ಇದ್ದು ನೋಡಿ ಎಂದಿದ್ದರಂತೆ. ನನಗೆ ಅಂದಿನಿಂದ ಅನ್ನ ಸೇರಲಿಲ್ಲ. ನಮ್ಮವರು ಮಾತ್ರ ನಿಧಾನವಾಗಿ ಕಾಫಿ ಕುಡಿದು, "ನೋಡು ಮಾರಾಯ್ತಿ, ನವರಾತ್ರಿಯ ಒಳಗೆ ಈ ಬಾಲ್ಕನಿಯಲ್ಲಿ ಬೆಳೆದದ್ದರಿಂದ ಮೂವರ ಹೊಟ್ಟೆ ತುಂಬುವಷ್ಟು ಒಂದು ಹೊತ್ತಿನ ತಿಂಡಿ ಆಗಲಿ. ಆಯಿತೆಂದರೆ ಹೋಗಿ ಜಾಗ ನೋಡುವ. ಇಲ್ಲದಿದ್ದರೆ ಈ ಸುದ್ದಿ ಮತ್ತೆ ಎತ್ತಬಾರದು" ಎಂದರು. ಎಂಥ ಜಿಪುಣ ಷರತ್ತು! ನಾನು ಆ ಕ್ಷಣವೇ ಒಪ್ಪಿಕೊಂಡೆ.

ಮೆಂತ್ಯ ಬಿತ್ತಿದೆ. ಮಂಜುಳಾ ಮಾಸಿ ಪುಣ್ಯಕ್ಕೆಂದು ದಿನಾ ಜೋಳ ಹಾಕಿ ಸಾಕಿದ ಪಾರಿವಾಳಗಳು ಅವರ ಕಡೆ ಊಟ ಮುಗಿಸಿ ನನ್ನ ಕಡೆ ಬಂದು ಮೊಳಕೆ ತಿಂದವು. ಟೊಮೆಟೊ ಗಿಡ ನನ್ನೆತ್ತರಕ್ಕೆ ಬೆಳೆದು ಒಂದೇ ಒಂದು ಕಾಯಿ ಬಿಟ್ಟಿತು, ಅದನ್ನು ಅನ್ವಿ ಚೆಂಡೆಂದು ಕಿತ್ತಳು. ಬಸಳೆಯ ಬಳ್ಳಿ ಬಂದ ಹಾಗೇ ಹೋಯಿತು. ಕೊನೆಗೆ ಕುಂದಾಪುರದಿಂದ ಅಮ್ಮ ಹಲಸಿನ ಹಪ್ಪಳದ ಪಾರ್ಸಲಿನಲ್ಲಿ ನಾಲ್ಕು ಕೆಸುವಿನ ಗೆಡ್ಡೆ ಇಟ್ಟು ಕಳಿಸಿದಳು. ಕೆಸುವು! ಅದರ ಎಲೆಯ ಪತ್ರೊಡೆ! ನನಗೆ ಮೊದಲೇ ಯಾಕೆ ಹೊಳೆಯಲಿಲ್ಲವೋ. "ನೀರು ಎಷ್ಟು ಹಾಕುವುದಮ್ಮ?" ಎಂದು ಕೇಳಿದ್ದಕ್ಕೆ ಅಮ್ಮ ಬಿದ್ದು ಬಿದ್ದು ನಕ್ಕಳು. "ಕೆಸುವಿಗೆ ನೀರು ಹಾಕುವವರುಂಟಾ? ಅದು ಬಚ್ಚಲ ಕಣಿಯಲ್ಲಿ ತನ್ನಷ್ಟಕ್ಕೆ ಬರುವುದು." ಹೌದಲ್ಲ, ನಮ್ಮ ಕಡೆ ಯಾರೂ ಹಾಕುವುದಿಲ್ಲ. ಆಕಾಶವೇ ನಾಲ್ಕು ತಿಂಗಳು ಹಾಕುತ್ತದೆ ಎಂಬ ಸಣ್ಣ ವಿಷಯ ಅಮ್ಮನಿಗೂ ನೆನಪಾಗಲಿಲ್ಲ, ನನಗೂ ಆಗಲಿಲ್ಲ. ಪಾತ್ರೆ ತೊಳೆಯುವ ಹಿಂದಿನ ಬಾಲ್ಕನಿಯಲ್ಲಿ, ಮಾಸಿಯ ಬಾಲ್ಕನಿಗೂ ನಮ್ಮದಕ್ಕೂ ನಡುವಿನ ಮೋಟುಗೋಡೆಯ ಪಕ್ಕ ಕುಂಡಗಳನ್ನಿಟ್ಟು ಕೈ ತೊಳೆದುಕೊಂಡೆ. ಸಿಡಿದ ನೀರು ಸಾಕು ಎಂದು ಲೆಕ್ಕ.

ನಂಬಿದರೆ ನಂಬಿ, ಕೆಸುವು ಬಂತು! ಒಂದೊಂದು ಎಲೆ ಅನ್ವಿಯ ಬೆನ್ನಿನಷ್ಟು ಅಗಲ. ದಿನಾ ಬೆಳಿಗ್ಗೆ ಎಲೆ ಎಣಿಸುವುದೇ ನನ್ನ ಕೃಷಿ. ಫೋಟೋ ತೆಗೆದು ಮನೆಯವರ ಗ್ರೂಪಿಗೆಲ್ಲ ಹಾಕಿ, ಕೆಳಗೆ "ಪ್ರೀತಿಯಿಂದ ಸಾಕಿದರೆ ಬಾರದ ಗಿಡವಿಲ್ಲ" ಎಂದು ಬರೆದೆ. ಅತ್ತೆ ಕೈ ಮುಗಿಯುವ ಚಿತ್ರ ಕಳಿಸಿದರು. ಹದಿನಾಲ್ಕು ಎಲೆಯಾದಾಗ ಭಾನುವಾರ ಪತ್ರೊಡೆ ಎಂದು ಸಾರಿದೆ. ಆದರೆ ಅದೇ ಭಾನುವಾರ ವಡೋದರಾದಲ್ಲಿ ನಮ್ಮವರ ದೊಡ್ಡಪ್ಪನ ಮಗ ಹೊಸ ಹೋಟೆಲು ತೆರೆಯುವವನಿದ್ದ. ಮೂರು ದಿನ ಹೋಗಿಬರಲೇಬೇಕಾಯಿತು. ಅಲ್ಲಿ ಅವನ ಮಸಾಲೆದೋಸೆ ತಿನ್ನುತ್ತಲೂ ನನ್ನ ಮನಸ್ಸೆಲ್ಲ ಕೆಸುವಿನಲ್ಲೇ.

ಮರಳಿ ಬಂದು ಚಪ್ಪಲಿಯನ್ನೂ ಬಿಡದೆ ಬಾಲ್ಕನಿಗೆ ಓಡಿದೆ. ಕುಂಡಗಳಲ್ಲಿ ಬರೀ ದಂಟು. ಒಂದೂ ಎಲೆಯಿಲ್ಲ. ನನಗೆ ನಿಜವಾಗಿಯೂ ಅಳು ಬಂತು. ಎಲೆ ಹೋದರೆ ಹೋಗಲಿ, ನವರಾತ್ರಿಗೆ ಐದು ದಿನ ಉಳಿದಿತ್ತು. ಆ ಬೇವಿನ ಮರ, ಬಾವಿ, ಹಸು ಎಲ್ಲ ಕಣ್ಣೆದುರೇ ಕೈತಪ್ಪಿತು. ಅಷ್ಟರಲ್ಲಿ ಬಾಗಿಲ ಬೆಲ್ ಆಯಿತು. ಮಂಜುಳಾ ಮಾಸಿ, ಕೈಯಲ್ಲಿ ದೊಡ್ಡ ಸ್ಟೀಲ್ ಡಬ್ಬಿ.

"ಬೇಟಾ, ಎಲೆ ಬಲಿತು ಹಾಳಾಗುತ್ತಿತ್ತು. ಗೋಡೆಯ ಮೇಲಿಂದಲೇ ಕೈ ಚಾಚಿ ಕೊಯ್ದು ಪಾತ್ರಾ ಮಾಡಿದೆ. ಇಡೀ ಮಹಡಿಗೆ ಹಂಚಿದೆ, ಇದು ನಿಮ್ಮದು" ಎಂದರು ತಮ್ಮ ಗುಜರಾತಿ ಬೆರೆತ ಹಿಂದಿಯಲ್ಲಿ. ಪಾತ್ರಾ ಎಂದರೆ ಅವರ ಕಡೆಯ ಪತ್ರೊಡೆ.

"ಮಾಸಿ, ಅದು ನಾವು ತಿನ್ನುವುದಕ್ಕೆ ಬೆಳೆಸಿದ್ದು!"

ಮಾಸಿ ಕೆನ್ನೆಗೆ ಕೈ ಹಚ್ಚಿದರು. "ಹಾಯ್ ಹಾಯ್! ನೀವು ದಕ್ಷಿಣದವರು ಇಡ್ಲಿ ದೋಸೆ ತಿನ್ನುವವರು. ಈ ಎಲೆ ತಿನ್ನುವುದು ನಿಮಗೇನು ಗೊತ್ತು, ಅಂದಕ್ಕೆ ಇಟ್ಟಿದ್ದಾರೆ ಅಂದುಕೊಂಡೆ. ನೀನು ದಿನಾ ಬಂದು ನೋಡುತ್ತಿದ್ದೆ, ಫೋಟೋ ತೆಗೆಯುತ್ತಿದ್ದೆ. ಒಂದು ದಿನವಾದರೂ ನೀನು ನೀರು ಹಾಕಿದ್ದು ನಾನು ಕಾಣೆ!"

ನಾನು ಬಾಯಿ ತೆರೆಯುವ ಮೊದಲೇ ಅನ್ವಿ ತನ್ನ ಕಲಬೆರಕೆ ಕನ್ನಡದಲ್ಲಿ ಸಾಕ್ಷಿ ಹೇಳಿದಳು. "ಅಮ್ಮ, ಪಾನಿ ಬಾ ಹಾಕ್ತಾರೆ. ರೋಜ್." ಬಾ ಎಂದರೆ ಅಜ್ಜಿ; ಮಾಸಿಯನ್ನು ಅವಳು ಕರೆಯುವುದು ಹಾಗೇ. ಮಾಸಿ ನಾಚಿಕೊಂಡು, "ಹೇಳಿದರೆ ನಿನಗೆ ಬೇಜಾರಾದೀತು ಅಂತ ಸುಮ್ಮನಿದ್ದೆ. ಮಜ್ಜಿಗೆ ಪಾತ್ರೆ ತೊಳೆದ ನೀರು, ಎರಡು ಹೊತ್ತೂ ಹಾಕುತ್ತಿದ್ದೆ" ಎಂದರು. ಗ್ರೂಪಿನಲ್ಲಿ ಪ್ರೀತಿಯ ಬಗ್ಗೆ ಬರೆದದ್ದು ನೆನಪಾಗಿ ನನ್ನ ಕಿವಿ ಬಿಸಿಯಾಯಿತು.

ನಮ್ಮವರು ಎಂಟು ಪಾತ್ರಾ ತಿಂದರು. ಅನ್ವಿ ಐದು ತಿಂದಳು. ಅಕ್ಕಿಯ ಬದಲು ಕಡಲೆಹಿಟ್ಟು, ಮೇಲೆ ಎಳ್ಳು ಸಾಸಿವೆಯ ಒಗ್ಗರಣೆ. ದುಃಖದಲ್ಲಿ ನಾನೂ ಆರು ತಿಂದೆ, ಚೆನ್ನಾಗಿತ್ತು, ಏನು ಸುಳ್ಳು ಹೇಳುವುದು. ಕೈ ತೊಳೆದು ಬಂದು ಇವರು, "ಎಲೆ ನಿನ್ನ ಕುಂಡದ್ದು, ಮೂವರ ಹೊಟ್ಟೆಯೂ ತುಂಬಿತು. ಯಾರು ನೀರು ಹಾಕಬೇಕು, ಯಾರು ಬೇಯಿಸಬೇಕು ಅಂತ ಷರತ್ತಿನಲ್ಲಿ ಇರಲಿಲ್ಲ. ಭಾನುವಾರ ಸಾಣಂದಿಗೆ ಹೋಗುವ" ಎಂದರು. ಇಂಥ ಮನುಷ್ಯನನ್ನು ಜಿಪುಣ ಎಂದೆನಲ್ಲ!

ಜಾಗ ನಾನು ಕನಸಿನಲ್ಲಿ ಕಂಡದ್ದಕ್ಕಿಂತ ಚೆನ್ನಾಗಿತ್ತು. ಕಾಕಾ ಬಾವಿ ತೋರಿಸಿದರು, ಕೊಟ್ಟಿಗೆ ತೋರಿಸಿದರು, ಬೇವಿನ ನೆರಳಲ್ಲಿ ಮಂಚ ಹಾಕಿ ಕೂರಿಸಿ, "ಏನು ಬೇಕಾದರೂ ಕೇಳು ಬೇನ್" ಎಂದರು. ಕರೆಂಟು, ಹಾವು, ಮಣ್ಣು ಎಂದು ನಾನು ಉದ್ದದ ಪಟ್ಟಿಯನ್ನೇ ಬರೆದುಕೊಂಡು ಹೋಗಿದ್ದೆ. ಬಾಯಿಂದ ಬಂದದ್ದು ಮಾತ್ರ, "ಪಕ್ಕದ ಮನೆ ಎಷ್ಟು ದೂರ?"

"ಯಾರೂ ಇಲ್ಲ!" ಎಂದರು ಕಾಕಾ ಹೆಮ್ಮೆಯಿಂದ. "ಕೂಗಿದರೂ ಯಾರಿಗೂ ಕೇಳಿಸುವುದಿಲ್ಲ. ಪೂರ್ತಿ ಶಾಂತಿ."

ಅನ್ವಿ ನನ್ನ ಸೆರಗು ಜಗ್ಗಿ, "ಬಾ ಎಲ್ಲಿ ಇರ್ತಾರೆ?" ಎಂದು ಕೇಳಿದಳು. ವಾಪಸು ಬರುವ ದಾರಿಯಲ್ಲಿ ನಾನೇ, "ಇನ್ನೊಂದು ವರ್ಷ ಕಲಿಯುತ್ತೇನೆ, ಆಮೇಲೆ ನೋಡುವ" ಎಂದೆ. ನಮ್ಮವರು ಸ್ಟೀರಿಂಗ್ ಮೇಲೆ ಕೈಯಿಟ್ಟು ನಗದೇ ಇರಲು ಬಹಳ ಕಷ್ಟಪಟ್ಟರು.

ಅಂದಿನಿಂದ ಜವಾಬ್ದಾರಿಯುತ ರೈತಳಾದೆ. ಬೆಳಿಗ್ಗೆ ಎರಡು ಚೊಂಬು, ಸಂಜೆ ಎರಡು ಚೊಂಬು ನೀರನ್ನು ನಾನೇ ಹಾಕುತ್ತಿದ್ದೆ. ಅದನ್ನು ಕಂಡು ಮಾಸಿ, "ಶಾಭಾಶ್ ಬೇಟಾ" ಎಂದು ಬೆನ್ನು ತಟ್ಟಿ ತಮ್ಮ ಮಜ್ಜಿಗೆ ನೀರು ನಿಲ್ಲಿಸಿದರು. ಎರಡೇ ವಾರ. ಹೊಸ ಎಲೆಗಳ ಅಂಚು ಹಳದಿಯಾಗತೊಡಗಿತು, ಒಂದು ದಂಟು ಮಗುಚಿ ಬಿತ್ತು. ಹೇಳಿದೆನಲ್ಲ, ನನ್ನ ಕೈಗುಣ. ಆದ್ದರಿಂದ ನಿನ್ನೆಯಿಂದ ನೀರು ಹಾಕುವುದನ್ನು ಮತ್ತೆ ಮರೆತಿದ್ದೇನೆ. ಈಗಷ್ಟೇ ಅಡುಗೆಮನೆಯ ಕಿಟಕಿಯಿಂದ ಇಣುಕಿದೆ: ಮೋಟುಗೋಡೆಯ ಮೇಲಿಂದ ಬಳೆ ತೊಟ್ಟ ಕೈಯೊಂದು ಮಜ್ಜಿಗೆ ಪಾತ್ರೆ ಹಿಡಿದು ನನ್ನ ಹೊಲದ ಕಡೆ ಬಾಗುತ್ತಿತ್ತು. ನಾನು ಸದ್ದು ಮಾಡದೆ ಹಿಂದೆ ಸರಿದು, ಪತ್ರೊಡೆಗೆ ಅಕ್ಕಿ ಎಷ್ಟು ಬೇಕೆಂದು ಅಮ್ಮನಿಗೆ ಫೋನ್ ಹಚ್ಚಿದೆ.