ಎಲಿಗೆಂಟು ಮಾಡಿದ ಅವಾಂತರ

ಹಿಂದೂಪುರದಲ್ಲಿ ಇಂಗ್ಲಿಷ್ ಮಾತೊಂದು ಬಸ್ಸಿಳಿದರೆ ಹಾಗೇ ಉಳಿಯುವುದಿಲ್ಲ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು. ಎರಡರ ಕೈಗೂ ಸಿಕ್ಕಿ ಅದು ಮೂರನೆಯದೇ ಆಗಿಬಿಡುತ್ತದೆ. ಎಪ್ಪತ್ತರ ದಶಕದಲ್ಲಿ ಅಲ್ಲಿ ನನ್ನದೊಂದು ಟೈಲರ್ ಅಂಗಡಿ ಇತ್ತು. ಅಂಥ ಒಂದು ಮಾತು ನನ್ನ ಮದುವೆಗೇ ಕತ್ತರಿ ಹಾಕಲು ಬಂದಿತ್ತು.

ಬೋರ್ಡು

ಕಾಲೇಜಿನ ಮೇಷ್ಟ್ರೊಬ್ಬರು ನಾನು ಹೊಲಿದ ಪ್ಯಾಂಟು ಹಾಕಿಕೊಂಡು ಕನ್ನಡಿ ನೋಡಿದರು. "ಎಲಿಗೆಂಟ್!" ಅಂದರು.

"ಬಿಗಿ ಆಯ್ತಾ ಸಾರ್?"

"ಅಲ್ಲಪ್ಪ. ನಾಜೂಕು. ಅಬ್ಬರ ಇರಬಾರದು, ಅಂದ ಇರಬೇಕು."

ನನ್ನ ಕೆಲಸಕ್ಕೆ ಇಷ್ಟು ಒಳ್ಳೆಯ ಹೆಸರಿದೆಯೆಂದು ಅವತ್ತೇ ಗೊತ್ತಾದದ್ದು. ಖುಷಿ ತಡೆಯಲಾಗಲಿಲ್ಲ. ಓಡಿಹೋಗಿ ಪೇಂಟರಿಗೆ ಹೇಳಿದೆ: "ಎಲಿಗೆಂಟ್ ಟೈಲರ್ಸ್ ಅಂತ ಬರಿ."

ಬೋರ್ಡು ಬಂತು. ಎಲಿಫೆಂಟ್ ಟೈಲರ್ಸ್. ಪಕ್ಕದಲ್ಲಿ ಸೊಂಡಿಲೆತ್ತಿದ ಆನೆ.

ಇಳಿಸೋಣ ಅನ್ನುವಷ್ಟರಲ್ಲಿ ಬೆಲ್ಲದ ಮಂಡಿ ಸಾಹುಕಾರರು ಬಂದರು. ಬಾಗಿಲಲ್ಲಿ ಅಡ್ಡಡ್ಡ ತೂರಿ ಒಳಗೆ ಬಂದು, "ಅಂತೂ ನಮ್ಮ ಅಳತೆಗೂ ಒಂದು ಅಂಗಡಿ ತೆಗೆದ್ಯಲ್ಲ ಕಣಪ್ಪ!" ಅಂದರು.

ಜ್ಞಾಪಕ

ಆ ಇಂಗ್ಲಿಷ್ ಮಾತು ನನ್ನ ಬಾಯಲ್ಲೂ ನಿಲ್ಲುತ್ತಿರಲಿಲ್ಲ. ಅಂಗಡಿಯಲ್ಲಿ ಕಾಜಾ, ಗುಂಡಿ ಹಾಕುತ್ತಿದ್ದ ಗೆಳೆಯ ದಾರಿ ಹೇಳಿದ. "ವೀಳ್ಯದೆಲೆ ಗಂಟು ನೆನೆಸ್ಕೊ ಕಣ್ಲಾ. ಎಲೆಗಂಟು. ಎಲಿಗೆಂಟ್. ಇನ್ನೆಲ್ಲೋಯ್ತದೆ?"

ಮರುದಿನವೇ ಒಬ್ಬ ಆಫೀಸರು ಕೋಟು ಹಾಕಿ ನೋಡಿದರು. ಒಳ್ಳೆ ಸಮಯ. ಬಾಯಿ ತೆಗೆದೆ. ಎಲೆ ಬಂತು, ಗಂಟು ಬರಲಿಲ್ಲ.

"ಸಾರ್, ಎಲೆ ಅಡಿಕೆ!"

"ಬೇಡಪ್ಪ, ಈಗ ತಾನೇ ಹಾಕ್ಕೊಂಡು ಬಂದೆ."

ಕಲ್ಯಾಣದುರ್ಗ

ಕಲ್ಯಾಣದುರ್ಗಕ್ಕೆ ಹೆಣ್ಣು ನೋಡಲು ಹೋದೆವು. ಹುಡುಗಿ ಕಾಲೇಜು ಓದಿದವಳು. ನಾನು ಹೊಸ ತಿಳಿನೀಲಿ ಷರ್ಟು ಹಾಕಿದ್ದೆ. ಉಪ್ಪಿಟ್ಟು ತಿಂದೆ. ಇನ್ನು ಬೇರೆ ಹೆಣ್ಣು ನೋಡುವುದಿಲ್ಲ ಎಂದು ಮನಸ್ಸಿನಲ್ಲೇ ತೀರ್ಮಾನಿಸಿದೆ.

ವಾರದೊಳಗೆ ಅವಳ ಸೋದರಮಾವ ಅಂಗಡಿಗೆ ಬಂದರು. ಮುಖ ಸಪ್ಪಗಿತ್ತು.

"ಮಗು ಒಪ್ಪಲಿಲ್ಲ ಕಣಪ್ಪ. ಹುಡುಗ ಹೆಂಗವ್ನೆ ಅಂತ ಅಜ್ಜಿ ಕೇಳಿದ್ರೆ, ಎಲುಗುಬಂಟಿ ಅಂದ್ಬುಟ್ಳಂತೆ."

ತೆಲುಗಿನಲ್ಲಿ ಎಲುಗುಬಂಟಿ ಅಂದರೆ ಕರಡಿ. ನನ್ನ ಮೈತುಂಬ ಕೂದಲು. ತೋಳು ನೋಡಿಕೊಂಡೆ. ಆಮೇಲೆ ತಲೆಯಲ್ಲಿ ಮಿಂಚು ಹೊಡೆಯಿತು. ಟೇಪು ಕೊರಳಲ್ಲಿದ್ದ ಹಾಗೇ, ಅದೇ ತಿಳಿನೀಲಿ ಷರ್ಟಿನಲ್ಲೇ ಎದ್ದೆ. "ನಡೀರಿ ಬಸ್ಸಿಗೆ!"

ಅವಳು ಬೇರೇನೋ ಅಂದಿರಬೇಕು ಎಂದು ನಾನೆಷ್ಟು ಹೇಳಿದರೂ ಅಲ್ಲಿ ಅಜ್ಜಿ ಪಟ್ಟು ಬಿಡಲಿಲ್ಲ. "ನನ್ನ ಕಿವೀಲೇ ಹೇಳವ್ಳೆ. ಎಲುಗುಬಂಟಿ ಅಂತ."

ಗದ್ದಲ ಕೇಳಿ ಹುಡುಗಿ ಅಡುಗೆಮನೆ ಬಾಗಿಲಿಗೆ ಬಂದಳು. "ಅಯ್ಯೋ ಅಜ್ಜಿ, ನಾನಂದಿದ್ದು ಎಲಿಗೆಂಟ್ ಅಂತ! ನಾಜೂಕಾಗೈತೆ ಅಂತ!"

ಯಾರೂ ಕೇಳದಿದ್ದರೂ ಮಾತಾಡಿದೆ. "ನನ್ನನ್ನೇ ಅಂದಿದ್ದಾ?"

"ಷರ್ಟನ್ನ."

"ಹೊಲಿದೋನು ನಾನೇ," ಅಂದೆ.

ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಷರ್ಟು ನೀನಂದಂಗೇ ಐತೆ ಕಣಮ್ಮ. ಒಳಗಿರೋದು ಮಾತ್ರ ನಾನು ಕೇಳಿಸ್ಕೊಂಡಿದ್ದೇ. ಏನಂತೀಯ?"

ಹುಡುಗಿ ನಗು ತಡೆಯಲಾರದೆ ಒಳಗೆ ಓಡಿದಳು. ಅಲ್ಲಿಂದಲೇ ಕೂಗಿದಳು:

"ಎರಡೂ ಇರ್ಲಿ, ಅಜ್ಜಿ!"